ಕೋರ್ಟಿನ ಆ್ಯಪು, ಪೋರ್ಟಲು, ಎಐ: ಕೇಸು ಹಾಕಿದವರಿಗೆ ಇದರಿಂದ ಏನಾದರೂ ಸಿಕ್ಕಿದೆಯಾ?

ಬಸವನಗುಡಿ_ಬೆಂಚು:
ಎಲ್ಲರಿಗೂ ನಮಸ್ಕಾರ. ನಾನು ಪಬ್ಲಿಕ್ ಪಾಲಿಸಿ ಓದುತ್ತಿದ್ದೇನೆ, ಪ್ರಬಂಧಕ್ಕೆ ಕೋರ್ಟುಗಳ ಡಿಜಿಟಲ್ ವ್ಯವಸ್ಥೆಯನ್ನು ತಗೊಂಡಿದ್ದೇನೆ. ಇದುವರೆಗೆ ಓದಿದ ವರದಿಗಳಲ್ಲಿ ಬಹುಪಾಲು ಒಂದೇ ಥರದ ಲೆಕ್ಕ. ಎಷ್ಟು ಪುಟ ಸ್ಕ್ಯಾನ್ ಆಯಿತು, ಎಷ್ಟು ಕೋರ್ಟಿಗೆ ವಿಡಿಯೊ ಕಾನ್ಫರೆನ್ಸ್ ಬಂತು, ಎಷ್ಟು ಅರ್ಜಿ ಆನ್‌ಲೈನಲ್ಲಿ ಬಂತು, ಇಷ್ಟೇ. ಕೇಸು ಹಾಕಿದ ಮನುಷ್ಯನ ಓಡಾಟ ಕಡಿಮೆ ಆಯಿತಾ, ದುಡ್ಡು ಉಳಿಯಿತಾ ಅಂತ ಕೇಳಿದವರು ಕಡಿಮೆ.

ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ಇ-ಕೋರ್ಟ್ಸ್ ಯೋಜನೆಯ 3ನೇ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷಕ್ಕೆ 7,210 ಕೋಟಿ ರೂ. ಹಿಂದಿನ ಹಂತಕ್ಕೆ ಇಟ್ಟಿದ್ದು 1,670 ಕೋಟಿ. ಈ ಸಲದ ದುಡ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, 2,038 ಕೋಟಿ, ಹಳೇ ಕಡತಗಳ ಸ್ಕ್ಯಾನಿಂಗಿಗೆ. ಅಷ್ಟರಲ್ಲೇ ಜಿಲ್ಲಾ ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಕೇಸು ಬಾಕಿ ಇವೆ ಅಂತ ನ್ಯಾಷನಲ್ ಜ್ಯುಡಿಷಿಯಲ್ ಡೇಟಾ ಗ್ರಿಡ್ ತೋರಿಸುತ್ತಿದೆ.

ಬೆಂಗಳೂರಿನ ಕೋರ್ಟುಗಳಲ್ಲಿ ಓಡಾಡಿದವರು, ಕೆಲಸ ಮಾಡಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಸಂಶೋಧನೆ ಮಾಡುವವರು ನಿಜವಾಗಿ ಏನನ್ನು ಅಳೆಯಬೇಕು? ಕೇಸ್ ನಂಬರ್, ಜಡ್ಜ್ ಹೆಸರು ಇತ್ಯಾದಿ ದಯವಿಟ್ಟು ಹಾಕಬೇಡಿ.

ಕರಿಕೋಟು:
ವಕೀಲರ ಕಡೆಯಿಂದ ನಾನು ಶುರು ಮಾಡುತ್ತೇನೆ. ಸುಮ್ನೆ ಬೈಯೋದು ಬೇಡ, ಪ್ರತಿ ಕೇಸಿಗೂ ಒಂದೊಂದು ಕೊಡುವ ಸಿಎನ್‌ಆರ್ ನಂಬರ್ ಬಂದ ಮೇಲೆ ನಮ್ಮ ಕೆಲಸ ನಿಜವಾಗಿಯೂ ಹಗುರವಾಗಿದೆ. ಅಕ್ಷರ, ಅಂಕಿ ಸೇರಿ 16 ಇರುತ್ತವೆ. ಅದೊಂದು ಕೈಯಲ್ಲಿದ್ದರೆ ದೇಶದ ಯಾವ ಜಿಲ್ಲಾ ಕೋರ್ಟಿನ ಕೇಸಾದರೂ ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಗುತ್ತದೆ. ಮುಂದಿನ ವಾಯಿದೆ, ಯಾವ ಹಂತದಲ್ಲಿದೆ, ಆದೇಶದ ಪಿಡಿಎಫ್, ಎಲ್ಲ. ಮೊದಲು ಇಷ್ಟು ತಿಳಿಯಲು ನಮ್ಮ ಗುಮಾಸ್ತರು ಬೆಂಚ್ ಕ್ಲರ್ಕ್ ಮುಂದೆ ನಿಂತು ಮುಖ ನೋಡಬೇಕಿತ್ತು.

ಆದರೆ ಕಕ್ಷಿದಾರರ ಕಥೆ ಬೇರೆ. ಕಾಸ್ ಲಿಸ್ಟಿನಲ್ಲಿ, ಅಂದರೆ ಆ ದಿನದ ಕೇಸುಗಳ ಪಟ್ಟಿಯಲ್ಲಿ, ನೂರರ ಹತ್ತಿರ ಕೇಸು ಇರುತ್ತವೆ, ಅದರಲ್ಲಿ ಜಡ್ಜ್ ನಿಜವಾಗಿ ಕೂತು ಕೇಳೋದು ಸ್ವಲ್ಪ. ಯಲಹಂಕದ ಆಚೆಯಿಂದ ಬಸ್ ಬದಲಿಸಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಕೆ.ಜಿ. ರಸ್ತೆವರೆಗೆ ನಡೆದು ಬಂದವನಿಗೆ ಆ್ಯಪ್ ಹೇಳುವುದು ಇಷ್ಟೇ, ಇವತ್ತು ನಿನ್ನ ಕೇಸು ಇದೆ ಅಂತ. ಎಷ್ಟು ಗಂಟೆಗೆ? ಜಡ್ಜ್ ರಜದಲ್ಲಿದ್ದಾರಾ? ಎದುರು ಪಾರ್ಟಿ ವಕೀಲರು ಮುಂದೂಡಲು ಅರ್ಜಿ ಹಾಕುತ್ತಾರಾ? ಇದ್ಯಾವುದೂ ಗೊತ್ತಾಗಲ್ಲ. ಆ ದಿನದ ಕೂಲಿ ಹೋಯಿತು. ಅಳೆಯುವುದಾದರೆ ಇದನ್ನು ಅಳೆಯಿರಿ: ಒಂದು ಕೇಸು ಮುಗಿಯುವಷ್ಟರಲ್ಲಿ ಕಕ್ಷಿದಾರ ಎಷ್ಟು ಸಲ ಬಂದ, ಅದರಲ್ಲಿ ಎಷ್ಟು ಸಲ ಏನಾದರೂ ನಡೆಯಿತು.

ಬಸವನಗುಡಿ_ಬೆಂಚು:
ಸರ್, ಇದು ತುಂಬಾ ಒಳ್ಳೆ ಅಳತೆ. ಆದರೆ ವ್ಯರ್ಥವಾದ ವಾಯಿದೆ ಯಾವುದು ಅಂತ ಡೇಟಾದಲ್ಲಿ ಪತ್ತೆ ಹಚ್ಚೋದು ಹೇಗೆ?

ಕೋಡುಬಳೆ_ಕೋಡರ್:
ಕಷ್ಟ. ವೀಕೆಂಡ್‌ನಲ್ಲಿ ಕೂತು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಇ-ಕೋರ್ಟ್ಸ್ ಸೈಟಿನಲ್ಲಿ ಪ್ರತಿ ಕೇಸಿನ ಪ್ರತಿ ವಾಯಿದೆಯ ಚರಿತ್ರೆ ಇದೆ, ಆದರೆ ಒಂದೊಂದಕ್ಕೂ ಕ್ಯಾಪ್ಚಾ ಹೊಡೆಯಬೇಕು. ಸಂಶೋಧಕರು ಒಟ್ಟಿಗೆ ಇಳಿಸಿಕೊಳ್ಳುವಂಥ ವ್ಯವಸ್ಥೆ ಇಲ್ಲ. ಡೇಟಾ ಸಿಕ್ಕರೂ ಹಂತಗಳ ಹೆಸರು ಒಂದು ಕೋರ್ಟಿನಲ್ಲಿ ಒಂದು ಥರ, ಪಕ್ಕದ ಕೋರ್ಟಿನಲ್ಲಿ ಇನ್ನೊಂದು ಥರ. ಅದೇ ಕೆಲಸಕ್ಕೆ ಹತ್ತು ಹೆಸರು.

ಇದರ ಮೇಲೆ ಗಂಭೀರವಾಗಿ ಕೆಲಸ ಮಾಡಿದವರು ನಮ್ಮೂರಲ್ಲೇ ಇದ್ದಾರೆ. ದಕ್ಷ್ ಅನ್ನುವ ಸಂಸ್ಥೆ ಬೆಂಗಳೂರಿನದು. ವಿಳಂಬದ ಬಗ್ಗೆ 2016ರಲ್ಲಿ ಅವರ ದೊಡ್ಡ ವರದಿ ಬಂತು, ಕಕ್ಷಿದಾರರನ್ನೇ ಮಾತಾಡಿಸಿ ಸಮೀಕ್ಷೆನೂ ಮಾಡಿದರು. ಆಮೇಲೆ ಹೊಸ ತಲೆಮಾರಿನ ನ್ಯಾಯ ವೇದಿಕೆ ಹೇಗಿರಬೇಕು ಅಂತ ಸರಣಿ ಪತ್ರಿಕೆಗಳನ್ನೂ ಬರೆದರು. ಓದಿ. ಅವರ ವಾದದ ತಿರುಳು ನನಗೆ ಅರ್ಥವಾದಷ್ಟು ಹೀಗೆ: ಕಾಗದದ ಪದ್ಧತಿಯನ್ನೇ ಹಾಗೆಹಾಗೇ ಸ್ಕ್ರೀನಿಗೆ ತಂದರೆ ಪ್ರಯೋಜನ ಇಲ್ಲ, ಪದ್ಧತಿಯನ್ನೇ ಬದಲಿಸಬೇಕು.

ನಿವೃತ್ತ_ಶಿರಸ್ತೇದಾರ:
ಮಕ್ಕಳಾ, ನೀವೆಲ್ಲ ಸಾಫ್ಟ್‌ವೇರ್ ಕಡೆ ನೋಡುತ್ತಿದ್ದೀರಿ. ನಾನು ಕಡತದ ಕಡೆಯಿಂದ ಹೇಳುತ್ತೇನೆ.

ಡೇಟಾ ಸರಿಯಿಲ್ಲ ಅಂದಿರಿ ಅಲ್ವಾ, ಯಾಕೆ ಅಂತ ಕೇಳಿ. ಸಂಜೆ ಕೋರ್ಟ್ ಎದ್ದ ಮೇಲೆ ಆ ದಿನದ ಅಷ್ಟೂ ಕೇಸಿನ ನಡಾವಳಿಯನ್ನು ಕಂಪ್ಯೂಟರಿಗೆ ಹಾಕಬೇಕು. ಕೂರುವವನು ಒಬ್ಬ, ಅಥವಾ ಇಬ್ಬರು. ಮನೆಗೆ ಹೋಗುವ ಅವಸರ. ಹಿಂದಿನ ವಾಯಿದೆಗೆ ಏನು ಹಂತ ಇತ್ತೋ ಅದನ್ನೇ ಉಳಿಸಿ ತಾರೀಕು ಮಾತ್ರ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ. ನೀವು ಅದನ್ನು ಡೌನ್‌ಲೋಡ್ ಮಾಡಿ ಗ್ರಾಫ್ ಹಾಕುತ್ತೀರಿ!

ಇನ್ನೊಂದು. ಕೇಸು ಎಲ್ಲಿ ಕೊಳೆಯುತ್ತದೆ ಅಂದರೆ ವಾದದಲ್ಲಿ ಅಲ್ಲ, ಸಮನ್ಸ್ ಜಾರಿಯಲ್ಲಿ. ಚೆಕ್ ಬೌನ್ಸ್ ಕೇಸು ತಗೊಳ್ಳಿ. ಆರೋಪಿ ಬಾಡಿಗೆ ಮನೆ ಬಿಟ್ಟು ಹೋಗಿರುತ್ತಾನೆ. ವಿಳಾಸ ಮೂರನೇ ಮೇನ್, ಏಳನೇ ಕ್ರಾಸ್ ಅಂತ ಇರುತ್ತದೆ, ಆದರೆ ಯಾವ ಹಂತ, ಯಾವ ಬ್ಲಾಕ್ ಅಂತ ಇರಲ್ಲ. ಸಮನ್ಸ್ ತಲುಪಿಸುವ ಅಮೀನ ಸುತ್ತಿ ಸುತ್ತಿ ಬಂದು ಬಾಗಿಲು ಹಾಕಿತ್ತು ಅಂತ ಷರಾ ಬರೆದರೆ ಮತ್ತೆ ಸಮನ್ಸ್, ಮತ್ತೆ ವಾಯಿದೆ. ಈಗ ಅಮೀನರ ಕೈಗೆ ಎನ್‌ಸ್ಟೆಪ್ ಅಂತ ಫೋನ್ ವ್ಯವಸ್ಥೆ ಬಂದಿದೆ, ಹೋದ ಜಾಗ ಜಿಪಿಎಸ್‌ನಲ್ಲಿ ದಾಖಲಾಗುತ್ತದೆ. ಒಳ್ಳೆಯದೇ. ಹೋಗದೇನೇ ಹೋದೆ ಅಂತ ಬರೆಯುವವರು ಇದ್ದರು, ಅದು ನಿಲ್ಲುತ್ತದೆ. ಆದರೆ ಮನೆ ಬಿಟ್ಟು ಹೋದವನನ್ನು ಜಿಪಿಎಸ್ ಹುಡುಕಿ ಕೊಡುತ್ತದಾ?

ಕೋಡುಬಳೆ_ಕೋಡರ್:
ರಾಯರೇ, ನಿಮ್ಮ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 3ನೇ ಹಂತದ ಅದೇ 7,210 ಕೋಟಿಯಲ್ಲಿ ಎನ್‌ಸ್ಟೆಪ್‌ಗೆ ಇಟ್ಟಿರುವುದು 25.75 ಕೋಟಿ. ಎಐ, ಬ್ಲಾಕ್‌ಚೈನ್ ಥರದ ಮುಂದಿನ ತಂತ್ರಜ್ಞಾನಕ್ಕೆ 53.57 ಕೋಟಿ. ಕೇಸು ಎಲ್ಲಿ ಕೊಳೆಯುತ್ತದೋ ಅಲ್ಲಿಗೆ ಬರೀ ಚಿಲ್ಲರೆ ಹೋಗಿದೆ. ಅಧ್ಯಯನ ಮಾಡುವವರು ಬಜೆಟ್ ಸಾಲು ಮತ್ತು ವಿಳಂಬದ ಕಾರಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ನನ್ನ ಅಭಿಪ್ರಾಯ. ಯಾರೂ ಮಾಡಿದ ಹಾಗೆ ಕಾಣಲಿಲ್ಲ.

ಕರಿಕೋಟು:
ನ್ಯಾಯವಾಗಿ ಹೇಳಬೇಕಂದರೆ ಸ್ಕ್ಯಾನಿಂಗ್ ಖರ್ಚೇ ಹಾಗೆ, ಪುಟ ಲೆಕ್ಕದಲ್ಲಿ ಹೋಗುತ್ತದೆ. ಫೋನ್ ಕೊಡೋಕೆ ಅಷ್ಟು ದುಡ್ಡು ಬೇಡ. ಹಾಗಾಗಿ ಮೊತ್ತ ನೋಡಿ ಮಾತ್ರ ಆದ್ಯತೆ ತೀರ್ಮಾನ ಮಾಡಬೇಡಿ. ಆದರೂ ಶಿರಸ್ತೇದಾರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಚೆಕ್ ಬೌನ್ಸ್ ವಿಷಯದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳ್ಳೆ ನಿರ್ದೇಶನ ಕೊಟ್ಟಿದೆ. ಸಮನ್ಸನ್ನು ದೂರುದಾರರೇ ಖುದ್ದಾಗಿ ತಲುಪಿಸಬಹುದು, ಇಮೇಲ್, ವಾಟ್ಸಾಪ್ ಥರದ ದಾರಿನೂ ಬಳಸಬಹುದು, ಜೊತೆಗೆ ಕ್ಯೂಆರ್ ಅಥವಾ ಯುಪಿಐ ಮೂಲಕ ಆರೋಪಿ ಶುರುವಿನಲ್ಲೇ ಚೆಕ್ಕಿನ ಹಣ ಕಟ್ಟಿ ಮುಗಿಸಿಕೊಳ್ಳುವ ವ್ಯವಸ್ಥೆ ಜಿಲ್ಲಾ ಕೋರ್ಟುಗಳಲ್ಲಿ ಇರಬೇಕು ಅಂತ. ನನ್ನ ಪ್ರಕಾರ ಇದು ಯಾವ ಎಐಗಿಂತಲೂ ದೊಡ್ಡ ಸುಧಾರಣೆ. ಅರ್ಧ ಜನ ಕೋರ್ಟಿಗೆ ಹೆದರಿಯಾದರೂ ಕಟ್ಟುತ್ತಾರೆ, ಕಟ್ಟೋಕೆ ದಾರಿ ಸುಲಭವಾಗಿರಬೇಕು ಅಷ್ಟೇ.

ಮಂಗಳೂರು_ಟು_ಮಾರತ್ತಹಳ್ಳಿ:
ಕೇರಳದ ಕೊಲ್ಲಂ ಪ್ರಯೋಗ ಯಾರಾದರೂ ನೋಡಿದ್ದೀರಾ? ಬರೀ ಚೆಕ್ ಬೌನ್ಸ್ ಕೇಸುಗಳಿಗೆ ಅಂತ 24 ಗಂಟೆಯ ಆನ್‌ಲೈನ್ ಕೋರ್ಟ್. 2024ರ ನವೆಂಬರ್‌ನಲ್ಲಿ ಕೆಲಸ ಶುರುವಾಯಿತು. ಅರ್ಜಿಯನ್ನು ಪಿಡಿಎಫ್ ಆಗಿ ಹಾಕೋದಲ್ಲ, ಫಾರಂ ತುಂಬಿದ ಹಾಗೆ ಒಂದೊಂದೇ ಮಾಹಿತಿ ಹಾಕಬೇಕು. ಚೆಕ್ ನಂಬರ್, ಬ್ಯಾಂಕಿಂದ ವಾಪಸ್ ಬಂದ ದಿನ, ನೋಟಿಸ್ ಕಳಿಸಿದ ದಿನ ಹೀಗೆ. ಚೆಕ್ ಕೇಸಿನಲ್ಲಿ ಎಲ್ಲ ದಿನದ ಲೆಕ್ಕ ತಾನೇ. ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್, ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ದೂರು. ದಿನಾಂಕಗಳು ಬಿಡಿಬಿಡಿಯಾಗಿ ಇದ್ದರೆ ಅವಧಿ ಮೀರಿದೆಯಾ ಅಂತ ಯಂತ್ರವೇ ನೋಡಬಹುದು. ಪಿಡಿಎಫ್‌ನಲ್ಲಿ ಹೂತು ಹಾಕಿದರೆ ಮನುಷ್ಯ ಕೂತು ಓದಬೇಕು.

ಅದರ ಸಾಫ್ಟ್‌ವೇರ್ ಕೆಲಸದಲ್ಲಿ ಬೆಂಗಳೂರಿನ ಇ-ಗವ್ ಫೌಂಡೇಶನ್ ಇದೆ, ದಕ್ಷ್ ಮತ್ತು ಆಗಮಿ ಕೂಡ ಆ ಗುಂಪಿನಲ್ಲಿವೆ. ನಮ್ಮೂರಿನವರು ಸೇರಿ ಕಟ್ಟಿದ್ದು ಕೊಲ್ಲಂನಲ್ಲಿ ಓಡುತ್ತಿದೆ, ನಮಗೆ ಯಾವಾಗ ಅಂತ ಕೇಳಬೇಕು.

ಕರಿಕೋಟು:
ಪಿಡಿಎಫ್ ಬಗ್ಗೆ ಹೇಳಿದ್ದು ಸರಿ. ಇಲ್ಲಿ ಇ-ಫೈಲಿಂಗ್ ಅಂದರೆ ಟೈಪ್ ಮಾಡು, ಪ್ರಿಂಟ್ ತೆಗಿ, ಸಹಿ ಹಾಕು, ಸ್ಕ್ಯಾನ್ ಮಾಡು, ಅಪ್‌ಲೋಡ್ ಮಾಡು. ಅದಾದ ಮೇಲೆ ಕಾಗದದ ಪ್ರತಿಯನ್ನೂ ಕೊಡು ಅನ್ನುವ ಕಡೆಗಳೂ ಇವೆ. ಜೂನಿಯರ್‌ಗಳಿಗೆ ಕೆಲಸ ಎರಡು ಪಟ್ಟು ಆಯಿತು. ಜೆರಾಕ್ಸ್ ಅಂಗಡಿಯವರು ಸ್ಕ್ಯಾನಿಂಗ್‌ಗೂ ದುಡ್ಡು ತಗೊಂಡು ಚೆನ್ನಾಗಿದ್ದಾರೆ.

ಫ್ಲಾಟ್_ಬಾರದ_ಫ್ಲಾಟ್_ಓನರ್:
ನನ್ನದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಕಥೆ. ಬಿಲ್ಡರ್ ಹೆಸರು ಹೇಳಲ್ಲ. ದೂರು ಆನ್‌ಲೈನಲ್ಲೇ ಹಾಕಿದೆ, ವಿಚಾರಣೆ ವಿಡಿಯೊದಲ್ಲೇ ನಡೆಯಿತು, ಆಫೀಸಿಗೆ ರಜೆ ಹಾಕದೆ ಮೀಟಿಂಗ್ ರೂಮಿನಲ್ಲಿ ಕೂತು ಮಾತಾಡಿದೆ. ಆದೇಶ ನನ್ನ ಪರ ಬಂತು. ಪಿಡಿಎಫ್ ನೋಡಿ ಮನೆಯಲ್ಲಿ ಪಾಯಸ ಮಾಡಿದರು. ದುಡ್ಡು ಇವತ್ತಿನವರೆಗೂ ಬಂದಿಲ್ಲ.

ಯಾಕಂದರೆ ಹಣ ವಸೂಲಿ ಕಂದಾಯ ಇಲಾಖೆ ಮೂಲಕ, ಭೂ ಕಂದಾಯದ ಬಾಕಿ ವಸೂಲಿ ಮಾಡುವ ರೀತಿಯಲ್ಲಿ ಆಗಬೇಕು. ರೇರಾದಿಂದ ವಸೂಲಿ ಪತ್ರ ಹೊರಡುತ್ತದೆ, ಅಲ್ಲಿಂದ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಬಿಲ್ಡರ್ ಕಂಪನಿ ಹೆಸರಿನಲ್ಲಿ ಆಸ್ತಿನೇ ಇಲ್ಲ. ಡಿಜಿಟಲ್ ಆಗಿದ್ದು ಆದೇಶ ಬರುವ ತನಕ ಮಾತ್ರ, ಆಮೇಲಿನದು ಹಳೇ ಕಾಲದಲ್ಲೇ ಇದೆ. ಸಂಶೋಧನೆ ಮಾಡುವವರು ಎಷ್ಟು ದಿನದಲ್ಲಿ ತೀರ್ಪು ಬಂತು ಅಂತ ಎಣಿಸಿ ಬಿಟ್ಟುಬಿಡಬೇಡಿ. ಅಕೌಂಟಿಗೆ ದುಡ್ಡು ಬಂದ ದಿನಕ್ಕೆ ಗಡಿಯಾರ ನಿಲ್ಲಿಸಿ.

ನಿವೃತ್ತ_ಶಿರಸ್ತೇದಾರ:
ಸಿವಿಲ್ ಕೋರ್ಟಿನಲ್ಲೂ ಇದೇ ತಾಯಿ. ಡಿಕ್ರಿ ಆಗೋದು ಒಂದು ಜನ್ಮ, ಅಮಲ್ಜಾರಿ ಇನ್ನೊಂದು ಜನ್ಮ. ಎಷ್ಟೋ ಡಿಕ್ರಿದಾರರು ತೀರಿಕೊಂಡು ಅವರ ವಾರಸುದಾರರು ಬಂದು ನಿಂತಿದ್ದನ್ನು ನಾನೇ ನೋಡಿದ್ದೇನೆ.

ಗಿರಿನಗರ_ಗೃಹಿಣಿ:
ಗ್ರಾಹಕರ ಆಯೋಗದ ಬಗ್ಗೆ ನಾನು ಸ್ವಲ್ಪ ಒಳ್ಳೆ ಮಾತು ಹೇಳುತ್ತೇನೆ. ಫ್ರಿಜ್ ಕೇಸು, ವಕೀಲರಿಲ್ಲದೆ ನಾನೇ ಹಾಕಿದೆ. 5 ಲಕ್ಷದವರೆಗೆ ಕೊಟ್ಟು ಕೊಂಡ ವಸ್ತುವಿಗೆ ಶುಲ್ಕವೇ ಇಲ್ಲ. ನಾನು ಹಾಕಿದಾಗ ಇ-ದಾಖಿಲ್ ಅನ್ನುವ ಪೋರ್ಟಲ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ಕೇಸು ಹಾಕುವ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಕೆಲವು ಕಂಪನಿಗಳು ಅಲ್ಲೇ ಬಗ್ಗುತ್ತವೆ. ತೊಂದರೆ ಅಂದರೆ ಯಾವ ಕಾಗದ ಎಲ್ಲಿ ಹಾಕಬೇಕು ಅಂತ ಪೋರ್ಟಲ್ ಕೇಳುವ ಭಾಷೆ ವಕೀಲರಿಗೆ ಮಾಡಿದ್ದು. ನನಗೆ ಮಗಳು ಕೂತು ಮಾಡಿಕೊಟ್ಟಳು. ಮಗಳಿಲ್ಲದವರು?

ಮಲ್ಲೇಶ್ವರದವ_ವ್ಯಾಂಕೂವರಲ್ಲಿ:
ಮಗಳಿಲ್ಲದವರು ಏನು ಮಾಡಬೇಕು ಅನ್ನುವ ಪ್ರಶ್ನೆಯಿಂದಲೇ ಇಲ್ಲೊಂದು ಕೋರ್ಟು ಕಟ್ಟಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್. 2016ರಲ್ಲಿ ಅಪಾರ್ಟ್‌ಮೆಂಟ್ ಜಗಳಗಳಿಂದ ಶುರು, 2017ರಿಂದ 5,000 ಡಾಲರ್‌ವರೆಗಿನ ಸಣ್ಣ ಹಣದ ವ್ಯಾಜ್ಯಗಳು, 2019ರಿಂದ ಕೆಲವು ವಾಹನ ಅಪಘಾತದ ವಿಷಯಗಳು.

ಮೊದಲು ಅರ್ಜಿ ಹಾಕು ಅನ್ನಲ್ಲ. ಒಂದು ಪ್ರಶ್ನೋತ್ತರದ ಸಾಧನ ಇದೆ. ನಿಮ್ಮ ಜಗಳ ಯಾರ ಜೊತೆ, ಏನು, ಎಷ್ಟು ದಿನದ್ದು ಅಂತ ಸರಳವಾಗಿ ಕೇಳುತ್ತಾ ಹೋಗಿ, ಕಾನೂನು ಏನು ಹೇಳುತ್ತದೆ ಅಂತ ತಿಳಿಸಿ, ಎದುರಿನವರಿಗೆ ಬರೆಯಲು ಪತ್ರದ ಮಾದರಿನೂ ಕೊಡುತ್ತದೆ. ಅದಕ್ಕೆ ದುಡ್ಡಿಲ್ಲ. ಅಲ್ಲೇ ಬಗೆಹರಿದರೆ ಆಯಿತು. ಇಲ್ಲದಿದ್ದರೆ ಅರ್ಜಿ, ಆಮೇಲೆ ಇಬ್ಬರೂ ಮಾತಾಡಿಕೊಳ್ಳುವ ಅವಕಾಶ, ಆಮೇಲೆ ಮಧ್ಯಸ್ಥರು, ಕೊನೆಗೆ ತೀರ್ಪು. ಸಾಮಾನ್ಯವಾಗಿ ವಕೀಲರಿಲ್ಲದೆ ನೀವೇ ನಡೆಸಬೇಕು. ಕಂಪ್ಯೂಟರ್ ಬಾರದವರಿಗೆ ಫೋನ್, ಅಂಚೆ ಕೂಡ ಇದೆ. ತೀರ್ಪನ್ನು ಕೋರ್ಟಿನಲ್ಲಿ ದಾಖಲಿಸಿ ಕೋರ್ಟಿನ ಆದೇಶದ ಥರವೇ ಜಾರಿ ಮಾಡಿಸಬಹುದು.

ಹೊಗಳಿಕೆ ಮಾತ್ರ ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ರೆಕ್ಟ್‌ವೈಸರ್ ಅಂತ ವಿಚ್ಛೇದನಕ್ಕೆ ಆನ್‌ಲೈನ್ ವೇದಿಕೆ ಇತ್ತು, ಸಮ್ಮೇಳನಗಳಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಿದ್ದರು. 2017ರಲ್ಲಿ ನಿಂತುಹೋಯಿತು. ಬಳಸುವವರಿಂದ ಬರುವ ದುಡ್ಡಿನಲ್ಲಿ ತನ್ನ ಖರ್ಚನ್ನು ತಾನು ನೋಡಿಕೊಳ್ಳಲು ಆಗಲಿಲ್ಲ. ಗಂಡ, ಹೆಂಡತಿ ಇಬ್ಬರೂ ಒಪ್ಪಿ ಬಂದರೆ ಮಾತ್ರ ನಡೆಯುವಂಥದ್ದು ಅದು. ಕೆನಡಾದ್ದು ಕಾಯ್ದೆಯ ಬಲ ಇರುವ ಟ್ರಿಬ್ಯೂನಲ್, ಎದುರಿನವನು ಬರದಿದ್ದರೂ ತೀರ್ಪು ಬರುತ್ತದೆ. ನೀವು ಹೋಲಿಕೆ ಮಾಡಿ ಬರೆಯುವಾಗ ಈ ವ್ಯತ್ಯಾಸ ಬಿಡಬೇಡಿ. ಸಾಫ್ಟ್‌ವೇರ್ ಚೆನ್ನಾಗಿತ್ತಾ ಅನ್ನೋದು ಆಮೇಲಿನ ಮಾತು.

ಬಸವನಗುಡಿ_ಬೆಂಚು:
ಇದು ಪೂರ್ತಿ ಒಂದು ಅಧ್ಯಾಯಕ್ಕೆ ಸಾಕು. ತುಂಬಾ ಥ್ಯಾಂಕ್ಸ್ ಸರ್. ಎಐ ಬಗ್ಗೆ ಯಾರೂ ಮಾತಾಡಿಲ್ಲ, ನನ್ನ ಗೈಡ್ ಅದನ್ನೇ ಬರಿ ಬರಿ ಅನ್ನುತ್ತಿದ್ದಾರೆ.

ಕೋಡುಬಳೆ_ಕೋಡರ್:
ಗೈಡ್‌ಗೆ ಫಂಡಿಂಗ್ ಬಂದಿರಬೇಕು, ಹಹ್ಹ.

ತಮಾಷೆ ಬಿಡಿ. ಎಸ್ಟೋನಿಯಾದಲ್ಲಿ ರೋಬೋ ಜಡ್ಜ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2019ರಲ್ಲಿ ಆ ಸುದ್ದಿ ಜಗತ್ತೆಲ್ಲ ಓಡಾಡಿತು, ಅಂಥ ಯೋಜನೆಯೇ ಇಲ್ಲ ಅಂತ ಅಲ್ಲಿನ ನ್ಯಾಯ ಸಚಿವಾಲಯವೇ ಆಮೇಲೆ ಸ್ಪಷ್ಟಪಡಿಸಿತು. ಇವತ್ತಿಗೂ ಪ್ರಬಂಧಗಳಲ್ಲಿ ಅದನ್ನು ಉದಾಹರಣೆ ಕೊಡುವವರಿದ್ದಾರೆ.

ನಮ್ಮಲ್ಲಿ ಇರುವುದು ಸಾಧಾರಣ ಕೆಲಸದ್ದು. ಸುಪ್ರೀಂ ಕೋರ್ಟಿನ ಸುವಾಸ್, 2019ರದ್ದು, ತೀರ್ಪುಗಳ ಅನುವಾದಕ್ಕೆ. ಸಂವಿಧಾನ ಪೀಠದ ವಾದಗಳನ್ನು 2023ರಿಂದ ಯಂತ್ರದ ಮೂಲಕ ಬರಹಕ್ಕೆ ಇಳಿಸುತ್ತಿದ್ದಾರೆ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿನೇ ತಂದಿತು. ತೀರ್ಮಾನಕ್ಕೆ ಬರಲು, ತೀರ್ಪು ಬರೆಯಲು ಬಳಸಬಾರದು ಅಂತ ಅದರಲ್ಲಿ ಖಡಕ್ಕಾಗಿ ಹೇಳಿದೆ.

ಕರಿಕೋಟು:
ಅಂಥ ನೀತಿ ಯಾಕೆ ಬೇಕು ಅನ್ನೋಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಒಂದು ಆದೇಶ ಕೊಟ್ಟಿತು. ಅದರಲ್ಲಿ ಹೆಸರಿಸಿದ್ದ ತೀರ್ಪುಗಳು ಇಲ್ಲವೇ ಇಲ್ಲ ಅಂತ ಗೊತ್ತಾಗಿ ಆದೇಶ ವಾಪಸ್ ಪಡೆದರು. 2025ರ ಮಾರ್ಚ್‌ನಲ್ಲಿ ಹೈಕೋರ್ಟಿನ ಮುಂದೆ ಇನ್ನೊಂದು ಬಂತು. ಬೆಂಗಳೂರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳ ಉಲ್ಲೇಖ ಇತ್ತು. ಹೈಕೋರ್ಟ್ ಅದನ್ನು ಗಂಭೀರವಾಗಿ ತಗೊಂಡು ಮುಂದಿನ ಕ್ರಮಕ್ಕೆ ಕಳಿಸಿತು.

ನಾನು ಎಐ ವಿರೋಧಿ ಅಲ್ಲ. ಸಾಕ್ಷಿ ಹೇಳಿಕೆ ಬರೆದುಕೊಳ್ಳಲು ಬರಲಿ, ಸ್ಟೆನೋ ಹುದ್ದೆಗಳು ಖಾಲಿ ಇರುವ ಕಡೆ ಅದರಿಂದ ಕೆಲಸ ಓಡುತ್ತದೆ. ಆದರೆ ನಮ್ಮ ಕೋರ್ಟಿನಲ್ಲಿ ಸಾಕ್ಷಿ ಒಂದು ಮಾತು ಹೇಳುತ್ತಾನೆ, ಎದುರು ವಕೀಲರು ಅದೇ ಹೊತ್ತಿಗೆ ಆಕ್ಷೇಪ ಅಂತ ಕೂಗುತ್ತಾರೆ, ಫ್ಯಾನ್ ಸದ್ದು, ಹೊರಗೆ ದಫೇದಾರ್ ಮುಂದಿನ ಕೇಸು ಕೂಗುತ್ತಾನೆ. ಈ ಗದ್ದಲದಲ್ಲಿ ಚಾಮರಾಜನಗರದವರ ಕನ್ನಡ, ಬೀದರಿನವರ ಕನ್ನಡ ಎರಡನ್ನೂ ಅದು ಎಷ್ಟು ಸರಿಯಾಗಿ ಹಿಡಿಯುತ್ತದೆ ಅಂತ ಪರೀಕ್ಷೆ ಮಾಡಿ ಫಲಿತಾಂಶ ಬಹಿರಂಗ ಮಾಡಬೇಕು. ಪಾಟೀಸವಾಲಿನಲ್ಲಿ ಒಂದು ‘ಇಲ್ಲ’ ಬಿಟ್ಟುಹೋದರೆ ಮನುಷ್ಯ ಜೈಲಿಗೆ ಹೋಗುತ್ತಾನೆ.

ಎಚ್‌ಎಸ್‌ಆರ್_ಟೆಸ್ಟರ್:
ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಅದಕ್ಕೆ ಒಂದು ಸೇರಿಸುತ್ತೇನೆ. ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣ ಓದಿ. ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ದೋಷ ಇತ್ತು, ಇಲ್ಲದ ಕೊರತೆ ತೋರಿಸಿತು, ಅದನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರಿಗೆ ಶಿಕ್ಷೆ ಆಯಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಅಂತ ಅಲ್ಲಿನ ಕೋರ್ಟ್ ಮೊದಲೇ ಊಹಿಸಿಕೊಳ್ಳುತ್ತದೆ, ಅಲ್ಲ ಅಂತ ತೋರಿಸುವ ಭಾರ ಆರೋಪಿ ಮೇಲೆ. ಕೊನೆಗೆ 2024ರಲ್ಲಿ ಕಾಯ್ದೆ ಮಾಡಿ ಶಿಕ್ಷೆಗಳನ್ನು ಅಳಿಸಿದರು. ನಮ್ಮ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರಕ್ಕೆ ಹ್ಯಾಶ್, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ ಬೇಕು ಅಂತ ಇದೆ. ಫೈಲನ್ನು ಆಮೇಲೆ ಯಾರೂ ತಿದ್ದಿಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಫೈಲಿನೊಳಗೆ ಇರುವುದು ಮೊದಲಿಂದಲೇ ತಪ್ಪಾಗಿದ್ದರೆ ಹ್ಯಾಶ್ ಏನೂ ಹೇಳಲ್ಲ.

ಹೆಸರು_ಬೇಡ_ಪ್ಲೀಸ್:
ಬೇರೆ ಐಡಿಯಿಂದ ಬರೆಯುತ್ತಿದ್ದೇನೆ. ಹಳೇ ಕೇಸಿನಲ್ಲಿ ನನ್ನ ಹೆಸರಿತ್ತು, ಖುಲಾಸೆ ಆಯಿತು. ಆದರೆ ಕೆಲಸ ಬದಲಿಸುವಾಗ ಪ್ರತಿ ಸಲ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಅದು ಎದ್ದು ಬರುತ್ತದೆ. ಹೆಸರು ಹಾಕಿದರೆ ಕೇಸು ಸಿಗುತ್ತದೆ, ಖಾಸಗಿ ಸೈಟುಗಳಲ್ಲೂ ಬರುತ್ತದೆ, ಖುಲಾಸೆ ಆದೇಶ ಓದುವ ತಾಳ್ಮೆ ಎಚ್‌ಆರ್‌ಗೆ ಇರಲ್ಲ. ಕೋಡರ್ ಅವರು ಎಲ್ಲ ಡೇಟಾ ಒಟ್ಟಿಗೆ ಬಿಡಿ ಅಂದರು. ನನ್ನಂಥವರ ಕಥೆ ಏನು?

ಕೋಡುಬಳೆ_ಕೋಡರ್:
ಒಪ್ಪುತ್ತೇನೆ. ಸಂಶೋಧನೆಗೆ ಹೆಸರು ಬೇಕಾಗಿಲ್ಲ, ಹೆಸರು ತೆಗೆದು ಕೊಟ್ಟರೂ ವಿಳಂಬದ ಲೆಕ್ಕ ಆಗುತ್ತದೆ. ತಮಾಷೆ ಏನಂದರೆ ಈಗ ಇರುವ ವ್ಯವಸ್ಥೆ ಪೂರ್ತಿ ಉಲ್ಟಾ. ಹೆಸರು ಹಿಡಿದು ಒಬ್ಬರನ್ನು ಹುಡುಕೋದು ಸುಲಭ, ಹೆಸರಿಲ್ಲದೆ ಸಾವಿರ ಕೇಸು ಅಭ್ಯಾಸ ಮಾಡೋದು ಕಷ್ಟ.

ಕರಿಕೋಟು:
ಹೆಸರು_ಬೇಡ ಅವರೇ, ನಮ್ಮ ಹೈಕೋರ್ಟ್ 2017ರಲ್ಲೇ ಒಬ್ಬ ಮಹಿಳೆಯ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದ ಹಾಗೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿತ್ತು. ಎಲ್ಲರಿಗೂ ತಾನಾಗಿ ಸಿಗುವ ಹಕ್ಕು ಅಲ್ಲ, ಆದರೆ ಅರ್ಜಿ ಹಾಕಿ ಕೇಳಲು ಆಧಾರ ಇದೆ. ನಿಮ್ಮ ವಕೀಲರ ಹತ್ತಿರ ಮಾತಾಡಿ.

ರಾಜಾಜಿನಗರ_ರಿಟೈರ್ಡ್:
ವಿಡಿಯೊ ಕೋರ್ಟು ಅಂತ ಎಲ್ಲರಿಗೂ ಅಭ್ಯಾಸ ಆಗಿದ್ದೇ ಕಳ್ಳರಿಗೆ ಅನುಕೂಲ ಆಗಿದೆ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರಿಗೆ ವಿಡಿಯೊದಲ್ಲಿ ಸುಪ್ರೀಂ ಕೋರ್ಟ್ ಅಂತಲೇ ತೋರಿಸಿ, ಕರಿಕೋಟು ಹಾಕಿದವನನ್ನು ಕೂರಿಸಿ ಹೆದರಿಸಿದ್ದರು. ಪುಣ್ಯಕ್ಕೆ ಮಗ ಬಂದು ಫೋನ್ ಕಟ್ ಮಾಡಿದ. ಡಿಜಿಟಲ್ ಅರೆಸ್ಟ್ ಅಂತ ಕಾನೂನಿನಲ್ಲಿ ಏನೂ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕರಿಕೋಟು:
ಇದಕ್ಕೆ ಒಂದು ಉಪಯುಕ್ತ ಮಾಹಿತಿ. ವಿಚಾರಣೆಗೆ ಬಾ ಅಂತ ಪೊಲೀಸರು ಕೊಡುವ ನೋಟಿಸನ್ನು, ಅಂದರೆ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ ಬಿಎನ್‌ಎಸ್‌ಎಸ್‌ನ 35ನೇ ಸೆಕ್ಷನ್‌ನದ್ದು, ವಾಟ್ಸಾಪ್‌ನಲ್ಲಿ ಜಾರಿ ಮಾಡುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿನ ಸಮನ್ಸ್ ಬೇರೆ, ಅದು ಎಲೆಕ್ಟ್ರಾನಿಕ್ ಆಗಿ ಬರಬಹುದು, ಬಂದರೆ ಸಿಎನ್‌ಆರ್ ನಂಬರನ್ನು ನೀವೇ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ನೋಡಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ.

ಉಲ್ಟಾನೂ ಆಗಿದೆ. 2023ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಡಿಯೊ ಕಾನ್ಫರೆನ್ಸ್ ಒಳಗೆ ಯಾರೋ ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ವಿಡಿಯೊ ಕಲಾಪ ಕೆಲವು ದಿನ ನಿಲ್ಲಿಸಬೇಕಾಯಿತು. ಅದರ ಪೆಟ್ಟು ಬಿದ್ದಿದ್ದು ದೂರದಿಂದ ಹಾಜರಾಗುವ ಸಣ್ಣ ಕಕ್ಷಿದಾರರಿಗೆ.

ಪೀಣ್ಯ_ಶಿಫ್ಟು:
ಅಣ್ಣಾ, ಇಲ್ಲಿ ಕೇಳಬಹುದೋ ಇಲ್ವೋ ಗೊತ್ತಿಲ್ಲ. ಲೋನ್ ಆ್ಯಪಿನಿಂದ ಸ್ವಲ್ಪ ಸಾಲ ತಗೊಂಡಿದ್ದೆ, ಕೆಲಸ ಹೋದಾಗ ಕಂತು ನಿಂತಿತು. ಈಗ ವಾಟ್ಸಾಪ್‌ಗೆ ಆನ್‌ಲೈನ್ ಆರ್ಬಿಟ್ರೇಷನ್ ನೋಟಿಸ್ ಅಂತ ಬಂದಿದೆ. ವಿಚಾರಣೆ ಮುಂದಿನ ವಾರ, ಲಿಂಕ್ ಕೊಟ್ಟಿದ್ದಾರೆ. ಹೋಗದಿದ್ದರೆ ಪೊಲೀಸ್ ಬರುತ್ತಾರಾ?

ಕರಿಕೋಟು:
ಕೇಳಿ ತಮ್ಮ, ಇದೇ ಜಾಗ. ಪೊಲೀಸ್ ಬರಲ್ಲ. ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಹೊರಗೆ ಮೂರನೆಯವರೊಬ್ಬರು ವ್ಯಾಜ್ಯ ತೀರ್ಮಾನಿಸೋದು, ಆ ಆರ್ಬಿಟ್ರೇಟರ್‌ಗೆ ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ, ಇದು ಹಣದ ವಿಷಯ. ಹಾಗಂತ ನಿರ್ಲಕ್ಷ್ಯ ಮಾಡಬೇಡ. ನ್ಯಾಯವಾಗಿ ನಡೆದ ಆರ್ಬಿಟ್ರೇಷನ್ ಆದೇಶಕ್ಕೆ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ.

ಮೊದಲು ಸಾಲದ ಒಪ್ಪಂದ ತೆಗೆದು ನೋಡು, ಆರ್ಬಿಟ್ರೇಷನ್ ಷರತ್ತು ಇದೆಯಾ, ಆರ್ಬಿಟ್ರೇಟರನ್ನು ಯಾರು ನೇಮಿಸಬೇಕು ಅಂತಿದೆ. ಸಾಲ ಕೊಟ್ಟವರೇ ಒಬ್ಬರೇ ಕೂತು ನೇಮಿಸಿದ್ದರೆ ಆಕ್ಷೇಪ ಎತ್ತಬಹುದು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ಏಕಪಕ್ಷೀಯವಾಗಿ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಅಂತ 2019ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಆಕ್ಷೇಪವನ್ನು ವಿಚಾರಣೆಗೆ ಮೊದಲೇ ಇಮೇಲ್‌ನಲ್ಲಿ ಬರೆದು ಕಳಿಸು, ಲೆಕ್ಕದ ವಿವರ ಕೇಳು, ಕನ್ನಡದಲ್ಲಿ ಮಾತಾಡುತ್ತೇನೆ ಅಂತಲೂ ಬರೆ. ಆದೇಶ ಬಂದುಬಿಟ್ಟರೆ ಪ್ರಶ್ನಿಸಲು ಮೂರು ತಿಂಗಳ ಕಾಲಾವಕಾಶ, ಅದನ್ನು ಮೀರಿದರೆ ಕಷ್ಟ.

ಬಸವನಗುಡಿ_ಬೆಂಚು:
ಸರ್, ಆನ್‌ಲೈನ್ ವ್ಯಾಜ್ಯ ಪರಿಹಾರದ ಬಗ್ಗೆ ನೀತಿ ಆಯೋಗದ 2021ರ ವರದಿ ಓದಿದ್ದೇನೆ. ಜನರಿಗೆ ಹತ್ತಿರ, ಅಗ್ಗ, ಬೇಗ ಅಂತೆಲ್ಲ ಇದೆ. ಪೀಣ್ಯ_ಶಿಫ್ಟು ಅವರ ಕಡೆಯಿಂದ ನೋಡಿದರೆ ಅಗ್ಗ, ಬೇಗ ಎರಡೂ ಸಾಲ ಕೊಟ್ಟವರಿಗೆ ಆಗಿದೆ. ಅರ್ಜಿ ಹಾಕಿದವರು ಯಾರು, ಎದುರಿನವರಲ್ಲಿ ಎಷ್ಟು ಜನ ಹಾಜರಾದರು, ಎಷ್ಟು ಜನ ಗೆದ್ದರು ಅನ್ನುವ ಲೆಕ್ಕ ನಾನು ಕೇಳಬೇಕು ಅನಿಸುತ್ತಿದೆ.

ಕರಿಕೋಟು:
ಅದನ್ನೇ ಕೇಳು. ವೇದಿಕೆ ನಡೆಸುವ ಖಾಸಗಿ ಕಂಪನಿಗಳು ಕೊಡುತ್ತವಾ ನೋಡೋಣ.

ನಿವೃತ್ತ_ಶಿರಸ್ತೇದಾರ:
ಪೀಣ್ಯದ ತಮ್ಮ, ದುಡ್ಡು ಕೊಟ್ಟು ವಕೀಲರನ್ನು ಹಿಡಿಯುವ ಮೊದಲು 15100ಕ್ಕೆ ಫೋನ್ ಮಾಡು, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಇಲ್ಲ ಅಂದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೇ ಹೋಗು. ಕಾರ್ಖಾನೆ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆಯ 12ನೇ ಸೆಕ್ಷನ್‌ನಲ್ಲೇ ಇದೆ.

ಪೀಣ್ಯ_ಶಿಫ್ಟು:
ಆಯಿತು ಸರ್. ಏನೇನು ತಗೊಂಡು ಹೋಗಬೇಕು?

ನಿವೃತ್ತ_ಶಿರಸ್ತೇದಾರ:
ಆಧಾರ್, ಫ್ಯಾಕ್ಟರಿ ಐಡಿ ಅಥವಾ ಸಂಬಳದ ಚೀಟಿ, ಸಾಲದ ಒಪ್ಪಂದ, ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್. ಆ ವಾಟ್ಸಾಪ್ ನೋಟಿಸಿನ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸು, ಬಂದ ದಿನ, ಕಳಿಸಿದ ನಂಬರ್ ಕಾಣುವ ಹಾಗೆ. ಮೂಲ ಮೆಸೇಜ್ ಅಳಿಸಬೇಡ. ಎಲ್ಲದರದ್ದೂ ಎರಡು ಪ್ರತಿ ಇರಲಿ, ಬೆಳಿಗ್ಗೆನೇ ಹೋಗು.